ಗಾಬರಿಯನ್ನು ಕಟ್ಟಿಕೊಂಡೇ ವ್ಯಾಪಾರ ಶುರು ಮಾಡುವುದು ಹೇಗೆ

ಚೀಲದಲ್ಲಿ ಇಪ್ಪತ್ತು ಪ್ಯಾಕೆಟ್ ಹಲಸಿನ ಹಪ್ಪಳ ಇತ್ತು. ಶಿರಸಿ ಪೇಟೆಯ ಒಂದು ಅಂಗಡಿಗೆ ತೋರಿಸಿ ಬರಬೇಕಿತ್ತು, ಅಷ್ಟೇ. ನಾನು ದೇವಿಕೆರೆಗೆ ಮೂರು ಸುತ್ತು ಹಾಕಿದೆ. ಅಂಗಡಿಯಲ್ಲಿ ಗಿರಾಕಿ ಕಂಡರೆ, ಆಮೇಲೆ ಹೋಗೋಣ ಅಂದುಕೊಂಡೆ. ಗಿರಾಕಿ ಇಲ್ಲದಿದ್ದರೆ, ಅವರು ಊಟಕ್ಕೆ ಏಳುವ ಹೊತ್ತಾಯಿತೇನೋ ಅಂದುಕೊಂಡೆ. ಅಂಗೈ ಬೆವರಿ ಚೀಲದ ಹಿಡಿಕೆ ಒದ್ದೆಯಾಗಿತ್ತು. ಕೊನೆಗೆ ಒಳಗೆ ಹೋದಾಗ ಅಂಗಡಿಯವರು ತಲೆ ಎತ್ತದೆಯೇ ಕೇಳಿದರು: "ಪ್ಯಾಕೆಟ್ಟಿಗೆ ಎಷ್ಟು ಇಟ್ಟಿದ್ರಿ? ಹತ್ತು ಇಟ್ಟು ಹೋಗಿ." ಒಂದು ನಿಮಿಷವೂ ಆಗಿರಲಿಲ್ಲ. ಕೆರೆ ಸುತ್ತಿದ್ದು ಮಾತ್ರ ಮುಕ್ಕಾಲು ಗಂಟೆ.

ನನಗಿರುವುದು ಆತಂಕದ ಕಾಯಿಲೆ ಅಂತ ಗೊತ್ತಾಗಿ ಒಂಬತ್ತು ವರ್ಷ. ವ್ಯಾಪಾರಕ್ಕೆ ಈಗ ಐದು. ನಡುವಿನ ನಾಲ್ಕು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಗಾಬರಿ ಪೂರ್ತಿ ಹೋಗಲಿ, ಆಮೇಲೆ ಶುರು ಮಾಡೋಣ ಅಂತ ಕಾದೆ. ಅದು ಹೋಗಲಿಲ್ಲ. ಈಗಲೂ ಇದೆ. ಗಾಬರಿ ಇರುವ ದಿನವೂ ನಿಲ್ಲದಂತೆ ವ್ಯಾಪಾರವನ್ನೇ ಬೇರೆ ರೀತಿ ಕಟ್ಟಿಕೊಂಡರೆ ನಡೆಯುತ್ತದೆ ಅನ್ನುವುದು ನಿಧಾನಕ್ಕೆ ತಿಳಿಯಿತು. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ನಾನು ಡಾಕ್ಟರ್ ಅಲ್ಲ. ಶಿರಸಿ ಹತ್ತಿರದ ಹಳ್ಳಿಯಲ್ಲಿ ಹಪ್ಪಳ, ಬಾಳೆಕಾಯಿ ಚಿಪ್ಸ್, ಮಿಡಿ ಉಪ್ಪಿನಕಾಯಿ ಮಾಡಿ ಮಾರುವವಳು. ಅಷ್ಟು ನೆನಪಿಟ್ಟುಕೊಂಡು ಓದಿ.

1. ಮೊದಲು ಡಾಕ್ಟರಿಗೆ ತೋರಿಸಿ

ಎದೆ ಹೊಡೆದುಕೊಳ್ಳುವುದೆಲ್ಲ ಆತಂಕವೇ ಆಗಬೇಕೆಂದಿಲ್ಲ. ಥೈರಾಯ್ಡ್ ಜಾಸ್ತಿ ಕೆಲಸ ಮಾಡಿದರೂ, ರಕ್ತ ಕಡಿಮೆ ಇದ್ದರೂ ಹಾಗೇ ಆಗುತ್ತದೆ. ಅದಕ್ಕೆ ಮೊದಲು ಮಾಮೂಲಿ ಡಾಕ್ಟರ ಹತ್ತಿರ ರಕ್ತ, ಥೈರಾಯ್ಡ್, ಬಿಪಿ, ಬೇಕಿದ್ದರೆ ಇಸಿಜಿ ಮಾಡಿಸಿ. ಎಲ್ಲ ಸರಿ ಇದ್ದು, ಗಾಬರಿ ಹಾಗೇ ಇದ್ದರೆ ಮನೋವೈದ್ಯರ ಹತ್ತಿರ ಹೋಗಿ. ರಾಜ್ಯ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ, ಹೆಚ್ಚಾಗಿ ಮಂಗಳವಾರ. ನಿಮ್ಮ ಆಸ್ಪತ್ರೆಯಲ್ಲಿ ಯಾವ ದಿನ ಅಂತ ಕೇಳಿಕೊಂಡು ಹೋಗಿ. ಕಾರವಾರ ಕಡೆಯವರಿಗೆ ಅಲ್ಲಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ.

ಹೋಗಲು ಧೈರ್ಯ ಸಾಲದಿದ್ದರೆ ಫೋನ್ ಮಾಡಿ. ಟೆಲಿ ಮಾನಸ್, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡಬಹುದು. ಬದುಕೇ ಬೇಡ ಅನ್ನುವಂಥ ಯೋಚನೆ ಬರುತ್ತಿದ್ದರೆ ವ್ಯಾಪಾರದ ಮಾತು ಪಕ್ಕಕ್ಕಿರಲಿ. ಈಗಲೇ ಆ ನಂಬರಿಗೆ ಫೋನ್ ಮಾಡಿ, ಮನೆಯಲ್ಲಿ ಒಬ್ಬರಿಗಾದರೂ ಹೇಳಿ.

ಮಾತ್ರೆ ಬರೆದುಕೊಟ್ಟರೆ ಒಂದು ವಿಷಯ ಗೊತ್ತಿರಲಿ. ಆತಂಕಕ್ಕೆ ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಜ್ವರದ ಮಾತ್ರೆ ಹಾಗಲ್ಲ. ಗುಣ ಕಾಣಲು ಕೆಲವು ವಾರ ಬೇಕು. ನಾಲ್ಕನೇ ದಿನಕ್ಕೆ ಏನೂ ಆಗಲಿಲ್ಲ ಅಂತ ಬಿಡಬೇಡಿ. ಆರಾಮಾಯಿತು ಅಂತ ನೀವೇ ನಿಲ್ಲಿಸಲೂ ಬೇಡಿ, ಡಾಕ್ಟರನ್ನು ಕೇಳಿ ನಿಧಾನಕ್ಕೆ ಕಡಿಮೆ ಮಾಡಬೇಕು. ನಾನು ಒಮ್ಮೆ ಸುಮ್ನೆ ನಿಲ್ಲಿಸಿ ಹದಿನೈದು ದಿನ ತಲೆ ತಿರುಗಿ ಮಲಗಿದ್ದೆ.

ನಮ್ಮ ಕಡೆ ಇನ್ನೊಂದು ಪ್ರಶ್ನೆ ಬಂದೇ ಬರುತ್ತದೆ. ಗಾಳಿ ಸೋಕಿದೆ, ದೃಷ್ಟಿಯಾಗಿದೆ, ನೂಲು ಕಟ್ಟಿಸು ಅನ್ನುತ್ತಾರೆ. ನಾನು ಯಾರ ಜೊತೆಗೂ ಜಗಳ ಮಾಡಲಿಲ್ಲ. ಆಯಿಯ ಜೊತೆ ಹೋಗಿ ಮಾರಿಕಾಂಬೆಗೆ ಉಡಿಯನ್ನೂ ತುಂಬಿಸಿದೆ, ರಾತ್ರಿ ಮಾತ್ರೆಯನ್ನೂ ನುಂಗಿದೆ. ಒಂದರಿಂದ ಇನ್ನೊಂದಕ್ಕೆ ಏನೂ ಅಡ್ಡಿಯಾಗಲಿಲ್ಲ.

ಹಾಗೇ ಬಾಯಿಗೆ ಏನು ಹೋಗುತ್ತದೆ ನೋಡಿಕೊಳ್ಳಿ. ಚಹಾ, ಕಾಫಿ ಜಾಸ್ತಿಯಾದರೆ ಎದೆಬಡಿತ ಏರುತ್ತದೆ. ಕವಳವೂ (ಎಲೆ ಅಡಿಕೆ) ಅಷ್ಟೇ. ಅಡಿಕೆ ನಮ್ಮ ಅನ್ನ ಹೌದು, ಆದರೆ ಅದು ನರಕ್ಕೆ ಚುರುಕು ಮುಟ್ಟಿಸುವ ವಸ್ತು. ತಂಬಾಕು ಸೇರಿದರೆ ಕೇಳುವುದೇ ಬೇಡ. ನಾನು ಮಧ್ಯಾಹ್ನದ ಚಹಾ ಬಿಟ್ಟು ಕಷಾಯಕ್ಕೆ ಬಂದೆ. ಬೆಳಗಿನ ಚಹಾ ಬಿಡಲು ಆಗಲಿಲ್ಲ, ಅದು ಹಾಗೇ ಇದೆ.

2. ನಿಮ್ಮ ಭಯ ಯಾವ ಜಾತಿಯದು ನೋಡಿ

ಎಲ್ಲರ ಗಾಬರಿಯೂ ಒಂದೇ ಅಲ್ಲ. ಕೆಲವರಿಗೆ ಜನರ ಎದುರು ಮಾತಾಡುವುದೆಂದರೆ ಭಯ. ಕೆಲವರಿಗೆ ದುಡ್ಡು ಮುಳುಗೀತು ಅಂತ. ಕೆಲವರಿಗೆ ತನ್ನಿಂದ ಬೇರೆಯವರಿಗೆ ಏನೋ ಕೆಟ್ಟದ್ದಾಗುತ್ತದೆ ಅಂತ. ನನ್ನದು ಮೊದಲನೆಯದು ಮತ್ತು ಮೂರನೆಯದು. ದುಡ್ಡಿನ ಬಗ್ಗೆ ಆಶ್ಚರ್ಯ ಆಗುವಷ್ಟು ಧೈರ್ಯ ಇದೆ.

ಇದು ಯಾಕೆ ಮುಖ್ಯ ಅಂದರೆ, ಸರಕು ಆರಿಸುವುದು ಇದರ ಮೇಲೆ ನಿಂತಿದೆ. ನಾನು ಮಿಡಿ ಉಪ್ಪಿನಕಾಯಿಯಿಂದ ಶುರು ಮಾಡಬೇಕು ಅಂತಿದ್ದೆ. ನಮ್ಮ ಅಪ್ಪೆಮಿಡಿಗೆ ಭೌಗೋಳಿಕ ಗುರುತೂ (ಜಿಐ ಟ್ಯಾಗ್) ಇದೆ, ಒಳ್ಳೆಯ ಬೆಲೆಯೂ ಇದೆ. ಆದರೆ ಉಪ್ಪಿನಕಾಯಿ ಬಾಟಲಿ ಮನೆಯಿಂದ ಹೊರಗೆ ಹೋದ ರಾತ್ರಿ ನನಗೆ ನಿದ್ದೆ ಬರುವುದಿಲ್ಲ ಅಂತ ಗೊತ್ತಿತ್ತು. ಉಪ್ಪು ಕಡಿಮೆಯಾಯಿತೇ, ಬಾಟಲಿ ಒದ್ದೆ ಇತ್ತೇ, ಬೂಸ್ಟು ಬಂದೀತೇ, ಯಾರಿಗಾದರೂ ಹೊಟ್ಟೆ ಕೆಟ್ಟೀತೇ ಎಂದು ತಲೆಯಲ್ಲಿ ತಿರುಗುತ್ತಲೇ ಇರುತ್ತದೆ. ಹಪ್ಪಳ ಒಣ ಸರಕು. ಚೆನ್ನಾಗಿ ಒಣಗಿದ್ದರೆ ತಿಂಗಳುಗಟ್ಟಲೆ ಇರುತ್ತದೆ, ಕೆಟ್ಟರೆ ಕಣ್ಣಿಗೇ ಕಾಣುತ್ತದೆ, ಹುರಿಯದೆ ಯಾರೂ ತಿನ್ನುವುದಿಲ್ಲ. ಅದಕ್ಕೇ ಮೊದಲ ಎರಡು ವರ್ಷ ಹಪ್ಪಳ ಮಾತ್ರ. ಮೂರನೇ ವರ್ಷ ಮಿಡಿಗೆ ಕೈ ಹಾಕಿದೆ.

ಕರಾವಳಿಯವರಿಗೂ ಇದೇ ಲೆಕ್ಕ. ಅಂಕೋಲೆಯ ಕರಿ ಇಶಾಡ ಮಾವು ಚಿನ್ನದಂಥ ಹಣ್ಣು. ಆದರೆ ಸೀಸನ್ ಕೆಲವೇ ವಾರ, ಹಣ್ಣು ಹೆಚ್ಚು ದಿನ ತಡೆಯುವುದಿಲ್ಲ. ಗಾಬರಿ ಸ್ವಭಾವದವರ ಮೊದಲ ವ್ಯಾಪಾರ ಅದಾಗಬಾರದು ಅನ್ನುವುದು ನನ್ನ ಅಭಿಪ್ರಾಯ. ಬಿರಿಂಡೆ (ಮುರುಗಲು) ಸಿಪ್ಪೆ, ಗೇರುಬೀಜ, ಒಣಮೀನು, ಹೊಲಿಗೆ ಕೆಲಸ ಆಗಬಹುದು. ಇವತ್ತು ಮನಸ್ಸು ಸರಿ ಇಲ್ಲದಿದ್ದರೆ ನಾಳೆ ಮಾಡಿದರೂ ಕೆಡದಂಥ ಕೆಲಸ ಹುಡುಕಿ.

3. ಮುಳುಗಿದರೂ ಸರಿ ಅನ್ನುವ ಹಣ ಎಷ್ಟು?

ಒಂದು ಕಾಗದದಲ್ಲಿ ಒಂದು ಸಂಖ್ಯೆ ಬರೆಯಿರಿ. ಇಷ್ಟು ಹಣ ನೀರಿಗೆ ಹೋದರೂ ಮನೆಯ ಅಕ್ಕಿ, ಮಕ್ಕಳ ಫೀಸು, ನಿಮ್ಮ ಮಾತ್ರೆ ನಿಲ್ಲಬಾರದು. ನನ್ನದು 18,000 ರೂಪಾಯಿ. ಅದರಲ್ಲಿ ಕವರ್ ಸೀಲ್ ಮಾಡುವ ಮೆಷಿನ್, ತಕ್ಕಡಿ, ಕವರ್, ಲೇಬಲ್, ಮೆಣಸು ಜೀರಿಗೆ, ಒತ್ತಲು ಬರುವ ಇಬ್ಬರ ಕೂಲಿ. ಹಲಸಿನಕಾಯಿ ಹಿತ್ತಿಲದ್ದೇ. ಬರೆದ ಮೇಲೆ ಒಂದು ಬದಲಾವಣೆ ಆಯಿತು. ರಾತ್ರಿ ಎರಡು ಗಂಟೆಗೆ "ಎಲ್ಲ ಹೋಯಿತು" ಅಂತ ಎಚ್ಚರವಾದರೆ, ಎಲ್ಲ ಅಂದರೆ ಎಷ್ಟು ಅಂತ ಗೊತ್ತಿತ್ತು. ಹದಿನೆಂಟು ಸಾವಿರ. ಅದಕ್ಕಿಂತ ಜಾಸ್ತಿ ಇಲ್ಲ.

ಸಾಲದ ವಿಷಯದಲ್ಲಿ ನಾನು ಸ್ವಲ್ಪ ಹಳೇ ಕಾಲದವಳು. ಕೇಂದ್ರದ ಮುದ್ರಾ ಸಾಲ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಅಡಮಾನ ಇಲ್ಲದೆ ಸಿಗುತ್ತದೆ. ಕಿರು ಆಹಾರ ಉದ್ಯಮಗಳಿಗೆ ಅಂತ 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಯೋಜನೆಯಲ್ಲಿ ಯಂತ್ರೋಪಕರಣದ ಸಾಲಕ್ಕೆ ಕೇಂದ್ರದ 35 ಶೇಕಡಾ ಸಬ್ಸಿಡಿ, ಅದರ ಮೇಲೆ ನಮ್ಮ ರಾಜ್ಯದ 15 ಶೇಕಡಾ. ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಅಂತ ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಎಲ್ಲ ಒಳ್ಳೆಯ ಯೋಜನೆಗಳೇ. ಆದರೆ ಮೊದಲ ಸೀಸನ್‌ನಲ್ಲಿ ಬೇಡ. ಪ್ರತಿ ತಿಂಗಳ ಕಂತು ಅಂದರೆ ಪ್ರತಿ ತಿಂಗಳು ಒಂದು ದಿನ ಗಾಬರಿಯನ್ನು ದುಡ್ಡು ಕೊಟ್ಟು ಕರೆಸಿದ ಹಾಗೆ. ಒಂದು ಸೀಸನ್ ಮಾರಿ ನೋಡಿ, ಆಮೇಲೆ ಬ್ಯಾಂಕಿಗೆ ಹೋಗಿ.

ಕೆಲಸ ಕಲಿಯಬೇಕಿದ್ದರೆ ಹಳಿಯಾಳದಲ್ಲಿ ಹಳ್ಳಿಯವರಿಗೆ ಸ್ವಉದ್ಯೋಗ ಕಲಿಸುವ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. ತರಬೇತಿ, ಊಟ, ವಸತಿ ಎಲ್ಲ ಉಚಿತ. ಗೊತ್ತಿಲ್ಲದವರ ಜೊತೆ ಕೆಲವು ದಿನ ಇರುವುದೇ ನಿಮಗೆ ದೊಡ್ಡ ಭಯ ಅಂತಾದರೆ, ಅಲ್ಲಿ ಅದಕ್ಕೂ ಅಭ್ಯಾಸ ಆಗುತ್ತದೆ.

4. ಕಾಗದಪತ್ರ: ಒಂದು ದಿನಕ್ಕೆ ಒಂದೇ

ಕಾಗದ ಕಂಡರೆ ಕೈ ನಡುಗುವವರಿಗೆ ಇಷ್ಟು ಹೇಳುತ್ತೇನೆ. ಶುರುವಿಗೆ ಬೇಕಾದದ್ದು ಕಡಿಮೆಯೇ.

ಮನೆಯಲ್ಲಿ ತಿಂಡಿ ಮಾಡಿ ಮಾರುವವರಿಗೂ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ, ಅಂದರೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಸಣ್ಣವರಿಗೆ ದೊಡ್ಡ ಲೈಸೆನ್ಸ್ ಅಲ್ಲ, ಮೂಲ ನೋಂದಣಿ ಸಾಕು. 14 ಅಂಕಿಯ ನಂಬರ್ ಬರುತ್ತದೆ, ಅದನ್ನು ಲೇಬಲ್ ಮೇಲೆ ಹಾಕಬೇಕು. ಸಣ್ಣ ಉದ್ಯಮ ಅಂತ ದಾಖಲಾಗುವ ಉದ್ಯಮ್ ನೋಂದಣಿ ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲೇ ಆಗುತ್ತದೆ, ಸರ್ಕಾರದ ಜಾಲತಾಣದಲ್ಲಿ ಒಂದು ಪೈಸೆ ಇಲ್ಲ. ಮಾಡಿಸಿಕೊಡುತ್ತೇನೆ ಅಂತ ಸಾವಿರ ಕೇಳುವವರಿದ್ದಾರೆ, ಹುಷಾರು. ತಕ್ಕಡಿಗೆ ಕಾನೂನು ಮಾಪನ ಇಲಾಖೆಯ ಮುದ್ರೆ ಇರಲಿ. ಲೇಬಲ್ ಮೇಲೆ ಹೆಸರು, ವಿಳಾಸ, ಫೋನ್, ಏನೇನು ಹಾಕಿದೆ, ನಿವ್ವಳ ತೂಕ, ಎಂಆರ್‌ಪಿ, ತಯಾರಿಸಿದ ದಿನ, ಎಷ್ಟು ದಿನ ಬಾಳುತ್ತದೆ, ಹಸಿರು ಚುಕ್ಕೆ, ಬ್ಯಾಚ್ ನಂಬರ್.

ಜಿಎಸ್‌ಟಿ ಬಗ್ಗೆ 2025ರ ಜುಲೈನಲ್ಲಿ ಎಷ್ಟು ಗಲಾಟೆ ಆಯಿತು ನೆನಪಿದೆ ಅಲ್ವಾ? ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತ್ತು. ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ತೆಗೆದು "ನಗದು ಮಾತ್ರ" ಬೋರ್ಡ್ ಬಂತು. ನಾನೂ ಒಂದು ರಾತ್ರಿ ಕುಳಿತು ಐದು ವರ್ಷದ ಫೋನ್ ಪೇ ಲೆಕ್ಕ ಕೂಡಿಸಿದೆ. ಸರಕು ಮಾತ್ರ ಮಾರುವವರಿಗೆ ನಮ್ಮ ರಾಜ್ಯದಲ್ಲಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ವಹಿವಾಟು. ನನ್ನದು ಅದರ ಹತ್ತಿರ ಹತ್ತಿರವೂ ಇರಲಿಲ್ಲ. ಸ್ವಲ್ಪ ಬೇಜಾರೇ ಆಯಿತು. ಹಪ್ಪಳಕ್ಕೆ ಜಿಎಸ್‌ಟಿಯೇ ಇಲ್ಲ, ಉಪ್ಪಿನಕಾಯಿಗೆ ಇದೆ. ಕಾರವಾರದವರು ಗೋವಾಕ್ಕೆ ಕಳಿಸುವುದಾದರೆ ನಿಯಮ ಬೇರೆಯಾಗುತ್ತದೆ, ಕಳಿಸುವ ಮುಂಚೆ ತೆರಿಗೆ ಸಲಹೆಗಾರರನ್ನು ಒಮ್ಮೆ ಕೇಳಿ.

5. ಭಯಕ್ಕೆ ಮೆಟ್ಟಿಲು ಕಟ್ಟಿ

ಆತಂಕದ ಸ್ವಭಾವ ಒಂದಿದೆ. ತಪ್ಪಿಸಿಕೊಂಡರೆ ಆ ಕ್ಷಣಕ್ಕೆ ಹಾಯೆನಿಸುತ್ತದೆ. ಆದರೆ ತಪ್ಪಿಸಿಕೊಂಡಷ್ಟೂ ಮುಂದಿನ ಸಲ ಭಯ ದೊಡ್ಡದಾಗುತ್ತದೆ. ಆಪ್ತಸಮಾಲೋಚಕರು ಇದಕ್ಕೆ ಹೇಳಿಕೊಡುವ ಉಪಾಯ, ಚಿಕ್ಕ ಭಯದಿಂದ ದೊಡ್ಡ ಭಯಕ್ಕೆ ಒಂದೊಂದೇ ಮೆಟ್ಟಿಲು ಹತ್ತುವುದು. ಪ್ರತಿ ಮೆಟ್ಟಿಲಿಗೂ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಡಿ. ನನ್ನ ಪಟ್ಟಿ ಹೀಗಿತ್ತು:

ವಾಟ್ಸಾಪ್ ಸ್ಟೇಟಸ್‌ನಲ್ಲಿ ಹಪ್ಪಳದ ಫೋಟೋ ಹಾಕುವುದು: 3
ಅತ್ತಿಗೆಗೆ ಬೆಲೆ ಹೇಳಿ ದುಡ್ಡು ತೆಗೆದುಕೊಳ್ಳುವುದು: 4
ಊರಿನ ಕಿರಾಣಿ ಅಂಗಡಿಯಲ್ಲಿ ಐದು ಪ್ಯಾಕೆಟ್ ಇಡುವುದು: 5
ಶಿರಸಿಯಲ್ಲಿ ಪರಿಚಯ ಇಲ್ಲದ ಅಂಗಡಿ: 8
ಹಲಸು ಮೇಳದಲ್ಲಿ ಇಡೀ ದಿನ ನಿಲ್ಲುವುದು: 10

ಮಾರಿಕಾಂಬಾ ಜಾತ್ರೆಯಲ್ಲಿ ಅಂಗಡಿ ಹಾಕುವುದು ಪಟ್ಟಿಯಲ್ಲೇ ಇರಲಿಲ್ಲ. ಎರಡು ವರ್ಷಕ್ಕೊಮ್ಮೆ ಬರುವ ಆ ಒಂಬತ್ತು ದಿನದ ನೂಕುನುಗ್ಗಲಿನಲ್ಲಿ ನಾನು ಗಿರಾಕಿಯಾಗಿ ನಿಲ್ಲುವುದೇ ಹೆಚ್ಚು. 2024ರ ಮಾರ್ಚ್‌ನ ಜಾತ್ರೆಯಲ್ಲಿ ಪರಿಚಯದವರ ಅಂಗಡಿಯಲ್ಲಿ ನನ್ನ ಹಪ್ಪಳ ಇಟ್ಟಿದ್ದೆ. ನಾನು ಒಂದು ಗಂಟೆ ಅವರ ಹಿಂದೆ ಕುರ್ಚಿ ಹಾಕಿ ಕುಳಿತು ಬಂದೆ. ಅದಕ್ಕೂ ಅಂಕ ಕೊಟ್ಟುಕೊಂಡೆ.

ಒಂದೇ ಮೆಟ್ಟಿಲನ್ನು ನಾಲ್ಕಾರು ಸಲ ಹತ್ತಬೇಕು. ಅಂಕ ಅರ್ಧಕ್ಕೆ ಇಳಿದ ಮೇಲೆ ಮುಂದಿನದು. ಗಾಬರಿ ತುದಿಗೆ ಏರಿರುವಾಗ ಅಲ್ಲಿಂದ ಓಡಿ ಬರಬೇಡಿ. ಸ್ವಲ್ಪ ನಿಂತು, ಇಳಿಯಲು ಶುರುವಾದ ಮೇಲೆ ಹೊರಡಿ. ಓಡಿ ಬಂದರೆ, ಓಡಿದ್ದಕ್ಕೇ ಬದುಕಿದೆ ಅಂತ ಮೈ ನೆನಪಿಟ್ಟುಕೊಳ್ಳುತ್ತದೆ.

"ಬೇಡ" ಅನ್ನಿಸಿಕೊಳ್ಳುವುದಕ್ಕೂ ಒಂದು ಮೆಟ್ಟಿಲು ಇಡಿ. ನಾನು ಬೇಕಂತಲೇ, ಬೇಡ ಅನ್ನುತ್ತಾರೆ ಅಂತ ಗೊತ್ತಿದ್ದ ಎರಡು ಅಂಗಡಿಗೆ ಹೋದೆ. ಒಬ್ಬರು ಬೇಡ ಅಂದರು. ಇನ್ನೊಬ್ಬರು ತೆಗೆದುಕೊಂಡುಬಿಟ್ಟರು, ಅಭ್ಯಾಸ ಕೆಟ್ಟಿತು.

ಮಾತು ಮೊದಲೇ ಬರೆದಿಟ್ಟುಕೊಳ್ಳುವುದರಲ್ಲಿ ನಾಚಿಕೆ ಇಲ್ಲ. ನನ್ನ ಮೂರು ವಾಕ್ಯ ಇದು: "ನಮಸ್ಕಾರ, ಮನೆಯಲ್ಲಿ ಮಾಡಿದ ಹಲಸಿನ ಹಪ್ಪಳ ತಂದಿದ್ದೇನೆ. ಇಪ್ಪತ್ತೈದರ ಕಟ್ಟು, ನಿಮಗೆ ಇಷ್ಟಕ್ಕೆ ಕೊಡುತ್ತೇನೆ. ಒಂದು ಕಟ್ಟು ಇಟ್ಟು ಹೋಗಲಾ, ರುಚಿ ನೋಡಿ ಹೇಳಿ?" ಮೂರನೇ ವಾಕ್ಯ ಮುಗಿಯುವ ಹೊತ್ತಿಗೆ ಅವರು ಮಾತಾಡಲು ಶುರು ಮಾಡಿರುತ್ತಾರೆ. ಆಮೇಲೆ ನಿಮ್ಮ ಕೆಲಸ ಉತ್ತರ ಕೊಡುವುದು ಮಾತ್ರ.

6. ಉದ್ರಿ

ಈ ಹಂತದಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ. ಗಾಬರಿ ಇರುವವರ ವ್ಯಾಪಾರ ಮುಳುಗುವುದು ಸರಕು ಮಾರಲಾಗದೆ ಅಲ್ಲ. ಮಾರಿದ ದುಡ್ಡು ಕೇಳಲಾಗದೆ.

ಎರಡನೇ ವರ್ಷ ಒಂದು ಅಂಗಡಿಯಿಂದ 4,320 ರೂಪಾಯಿ ಬರಬೇಕಿತ್ತು. ಐದು ತಿಂಗಳು ಕೇಳಲಿಲ್ಲ. ಪೇಟೆಗೆ ಹೋದರೆ ಆ ಬೀದಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆ. ಯೋಚನೆ ಮಾಡಿ, ಸಾಲ ಕೊಡಬೇಕಾದವರು ಅವರು, ತಲೆ ತಪ್ಪಿಸಿಕೊಂಡು ತಿರುಗಿದ್ದು ನಾನು! ಮನೆಯಲ್ಲಿ ಕೇಳಿದರೆ "ಪಾಪ, ಅವರಿಗೂ ಕಷ್ಟ ಇರಬಹುದು" ಅನ್ನುತ್ತಿದ್ದೆ. ಅದು ಕರುಣೆ ಅಲ್ಲ, ಹೆದರಿಕೆ. ಕರುಣೆಯ ಬಟ್ಟೆ ಹಾಕಿಕೊಂಡು ಕುಳಿತಿತ್ತು. ಕೊನೆಗೆ ಆ ದುಡ್ಡಿನಲ್ಲಿ ಅರ್ಧ ಬಂತು, ಅರ್ಧ ಹೋಯಿತು.

ಆಮೇಲೆ ಮಾಡಿಕೊಂಡ ವ್ಯವಸ್ಥೆ ಹೇಳುತ್ತೇನೆ. ಹೊಸ ಅಂಗಡಿಗೆ ಮೊದಲ ಸಲ ಹತ್ತು ಕಟ್ಟಿಗಿಂತ ಜಾಸ್ತಿ ಇಡುವುದಿಲ್ಲ. ಹಿಂದಿನ ಬಿಲ್ ಚುಕ್ತಾ ಆಗದೆ ಹೊಸ ಸರಕು ಇಲ್ಲ. ಇದನ್ನು ಮೊದಲ ದಿನವೇ ಹೇಳುತ್ತೇನೆ, ಬಿಲ್ ಪುಸ್ತಕದ ಕೆಳಗೆ ಅಚ್ಚೂ ಹಾಕಿಸಿದ್ದೇನೆ. "ಇಂದು ನಗದು, ನಾಳೆ ಉದ್ರಿ" ಅಂತ ಅವರೇ ಗೋಡೆಗೆ ಅಂಟಿಸಿರುತ್ತಾರೆ, ಹಾಗಾಗಿ ಯಾರೂ ಬೇಜಾರು ಮಾಡಿಕೊಂಡಿಲ್ಲ. ಅಚ್ಚಾದ ನಿಯಮದ ಲಾಭ ಏನೆಂದರೆ, ದುಡ್ಡು ಕೇಳುವುದು ನಾನಲ್ಲ, ಬಿಲ್ ಪುಸ್ತಕ.

ವಸೂಲಿಗೆ ವಾರದಲ್ಲಿ ಒಂದೇ ದಿನ, ಶುಕ್ರವಾರ. ಗುರುವಾರ ಸಂಜೆ ಎಲ್ಲರಿಗೂ ಒಂದೇ ಸಂದೇಶ ಹೋಗುತ್ತದೆ: "ನಮಸ್ಕಾರ. ಮೇ 12ರ ಬಿಲ್ 2,160 ರೂಪಾಯಿ ಬಾಕಿ ಇದೆ. ನಾಳೆ ಪೇಟೆಗೆ ಬರುತ್ತೇನೆ, ತೆಗೆದಿಟ್ಟಿರಿ." ದಯವಿಟ್ಟು, ತೊಂದರೆ ಕೊಟ್ಟಿದ್ದಕ್ಕೆ ಕ್ಷಮಿಸಿ, ನಿಮಗೆ ಅನುಕೂಲವಾದಾಗ, ಇವು ಯಾವುದೂ ಇಲ್ಲ. ಮೊದಲ ಕರಡಿನಲ್ಲಿ ಎಲ್ಲ ಇತ್ತು. ಒಂದೊಂದಾಗಿ ಹೊಡೆದು ಹಾಕಿದೆ.

ಸಂದೇಶ ಕಳಿಸಿದ ಮೇಲೆ ನೀಲಿ ಗೆರೆ ಬಂತೇ ಅಂತ ಹತ್ತು ಸಲ ನೋಡುವ ಚಟ ಇದ್ದರೆ ಬ್ಲೂ ಟಿಕ್ ಆಫ್ ಮಾಡಿ. ನೋಡಿದರೂ ಗೊತ್ತಾಗುವುದಿಲ್ಲ. ವ್ಯಾಪಾರದ ನಂಬರ್ ಬೇರೆ ಇರಲಿ, ಬೆಳಿಗ್ಗೆ ಹತ್ತಕ್ಕೆ ಮತ್ತು ಸಂಜೆ ಐದಕ್ಕೆ ಮಾತ್ರ ತೆರೆಯಿರಿ.

7. ತಪ್ಪಾಗುತ್ತದೆ, ಅದಕ್ಕೆ ಮೊದಲೇ ಜಾಗ ಇಡಿ

ಮೂರನೇ ವರ್ಷದ ಮೇ ತಿಂಗಳು. ಸೊಳೆ ಬಿಡಿಸಿ, ಬೇಯಿಸಿ, ಕುಟ್ಟಿ, ಕೈಗೆಲ್ಲ ಎಣ್ಣೆ ಹಚ್ಚಿಕೊಂಡು ಮುನ್ನೂರು ಹಪ್ಪಳ ಒತ್ತಿ ಅಂಗಳದ ಚಾಪೆಯ ಮೇಲೆ ಹಾಕಿದ್ದೆವು. ಮಧ್ಯಾಹ್ನ ಮೂರಕ್ಕೆ ಘಟ್ಟದ ಕಡೆಯಿಂದ ಮೋಡ ಬಂತು. ಒಳಗೆ ಎಳೆಯುವಷ್ಟರಲ್ಲಿ ಅರ್ಧ ನೆನೆದಿತ್ತು. ಮೂರು ದಿನ ಬಿಸಿಲೇ ಬರಲಿಲ್ಲ. ನಾಲ್ಕನೇ ದಿನ ಅಂಚಿನಲ್ಲಿ ಬಿಳಿ ಬೂಸ್ಟು. ನಾನು ಕೊಟ್ಟಿಗೆಯ ಮೆಟ್ಟಿಲ ಮೇಲೆ ಕುಳಿತು ಅತ್ತೆ. ಆಯಿ ಬಂದು ಚಾಪೆ ಸುತ್ತಿ, ಹಪ್ಪಳವನ್ನೆಲ್ಲ ಗೊಬ್ಬರದ ಗುಂಡಿಗೆ ಹಾಕಿ, "ಹೆದ್ರಡ ಕೂಸೆ, ಮರದಲ್ಲಿ ಇನ್ನೂ ಕಾಯಿ ಇದ್ದು" ಅಂದಳು. ಅವಳಿಗೆ ಅದು ವ್ಯಾಪಾರದ ನಷ್ಟ ಅಲ್ಲ, ಪ್ರತಿ ವರ್ಷದ ಮಳೆ.

ಅವತ್ತಿನಿಂದ ಲೆಕ್ಕದಲ್ಲೇ ಒಂದು ಸಾಲು ಇದೆ: ಹತ್ತರಲ್ಲಿ ಒಂದು ಪಾಲು ಹಾಳು. ಬೆಲೆ ಕಟ್ಟುವಾಗಲೇ ಅದನ್ನು ಸೇರಿಸುತ್ತೇನೆ. ಹಾಳಾದ ದಿನ ಅದು ಅನಾಹುತ ಅನ್ನಿಸುವುದಿಲ್ಲ, ಬರಬೇಕಾದದ್ದು ಬಂತು ಅನ್ನಿಸುತ್ತದೆ.

ಉಪ್ಪಿನಕಾಯಿಗೆ ಇನ್ನೊಂದು ಉಪಾಯ ಮಾಡಿದ್ದೇನೆ. ಪ್ರತಿ ಬ್ಯಾಚಿನ ಒಂದು ಬಾಟಲಿ ನಂಬರ್ ಬರೆದು ಮನೆಯಲ್ಲೇ ಇಡುತ್ತೇನೆ. ರಾತ್ರಿ ಬ್ಯಾಚ್ ಹನ್ನೊಂದು ಕೆಟ್ಟಿದೆ ಅಂತ ಮನಸ್ಸು ಹೇಳಿದರೆ, ಬೆಳಿಗ್ಗೆ ಆ ಬಾಟಲಿ ತೆಗೆದು ನೋಡುತ್ತೇನೆ. ಒಂದೇ ಸಲ. ಇಲ್ಲಿ ಹುಷಾರಾಗಿರಬೇಕು, ಮತ್ತೆ ಮತ್ತೆ ನೋಡುವುದೂ ಕಾಯಿಲೆಯ ಒಂದು ಭಾಗವೇ. ಚೆನ್ನಾಗಿದೆ ಅಲ್ವಾ, ಚೆನ್ನಾಗಿದೆ ಅಲ್ವಾ ಅಂತ ಮನೆಯವರನ್ನು ದಿನಕ್ಕೆ ಐದು ಸಲ ಕೇಳುವುದೂ ಅಷ್ಟೇ. ನಮ್ಮ ಮನೆಯಲ್ಲಿ ಒಪ್ಪಂದ ಆಗಿದೆ. ಒಮ್ಮೆ ಉತ್ತರ ಕೊಡುತ್ತಾರೆ. ಎರಡನೇ ಸಲ ಕೇಳಿದರೆ "ಮಂಡೆ ಬಿಸಿ ಶುರುವಾಯ್ತು" ಅಂತ ಎದ್ದು ಹೋಗುತ್ತಾರೆ. ಮೊದಮೊದಲು ಸಿಟ್ಟು ಬರುತ್ತಿತ್ತು.

ಚಿಂತೆಗೆ ಒಂದು ಹೊತ್ತು ಗೊತ್ತು ಮಾಡುವುದೂ ನನಗೆ ಉಪಯೋಗವಾಯಿತು. ಸಂಜೆ ಐದೂವರೆಯಿಂದ ಹದಿನೈದು ನಿಮಿಷ. ಹಗಲಿನಲ್ಲಿ ಬಂದ ಚಿಂತೆಯನ್ನು ಒಂದು ಸಾಲಿನಲ್ಲಿ ಬರೆದು, ಸಂಜೆಗೆ ನೋಡೋಣ ಅಂತ ಬಿಡುವುದು. ಸಂಜೆ ಓದುವಾಗ ಅರ್ಧಕ್ಕರ್ಧ ನಗು ಬರುತ್ತದೆ. ಉಳಿದ ಅರ್ಧದಲ್ಲಿ ಒಂದೆರಡು ನಿಜವಾಗಿ ಮಾಡಬೇಕಾದ ಕೆಲಸ ಇರುತ್ತವೆ.

8. ದಾರಿಯಲ್ಲೇ ಗಾಬರಿ ಬಂದರೆ

ಕುಮಟಾಕ್ಕೆ ಸರಕು ಕೊಡಲು ಬಸ್ಸಿನಲ್ಲಿ ಹೋಗುತ್ತಿದ್ದೆ. ದೇವಿಮನೆ ಘಟ್ಟದ ತಿರುವುಗಳಲ್ಲಿ ಶುರುವಾಯಿತು. ಮೊದಲು ಬೆರಳ ತುದಿ ಜುಮ್ ಅಂತು, ಆಮೇಲೆ ಗಂಟಲು ಕಟ್ಟಿತು. ಉಸಿರು ಸಾಲದು ಅನ್ನಿಸಿತು. ಸಾಯುತ್ತೇನೆ ಅಂತಲೇ ಅನ್ನಿಸಿತು. ಫೋನಿಗೆ ಸಿಗ್ನಲ್ ಇಲ್ಲ. ಬಸ್ ನಿಲ್ಲಿಸಿ ಇಳಿದರೆ ಸುತ್ತ ಕಾಡು.

ಇಂಥ ಗಾಬರಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೆ ಏರಿ, ಆಮೇಲೆ ತಾನಾಗಿ ಇಳಿಯುತ್ತದೆ ಅಂತ ಡಾಕ್ಟರ್ ಹೇಳಿದ್ದರು. ನಾನು ಗಡಿಯಾರ ನೋಡಿದೆ. 10:40. ಉಸಿರು ಎಳೆಯುವುದಕ್ಕಿಂತ ಬಿಡುವುದನ್ನು ಉದ್ದ ಮಾಡಿದೆ. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ. ಎದುರಿನ ಸೀಟಿನ ಕಂಬಿ ಹಿಡಿದೆ, ತಣ್ಣಗಿತ್ತು. ಕಾಲಡಿಯ ಚೀಲದಲ್ಲಿ ಎಷ್ಟು ಕಟ್ಟು ಇದೆ ಅಂತ ಮನಸ್ಸಿನಲ್ಲೇ ಎಣಿಸಿದೆ. ಗಾಬರಿಯೇ ಹೋಗು ಅಂತ ಜಗಳ ಆಡಲಿಲ್ಲ, ಬಂದಿದೆ, ಇರಲಿ ಅಂದೆ. 10:55ಕ್ಕೆ ಬಸ್ ಘಟ್ಟ ಇಳಿದಿತ್ತು. ಕೈ ನಡುಗುತ್ತಲೇ ಇತ್ತು. ಆದರೂ ಕುಮಟಾದಲ್ಲಿ ಸರಕು ಕೊಟ್ಟು ಬಂದೆ. ಅವತ್ತು ಅಲ್ಲಿಂದಲೇ ವಾಪಸ್ ಬಂದಿದ್ದರೆ ಆ ಘಟ್ಟ ಇನ್ನೊಮ್ಮೆ ಇಳಿಯುತ್ತಿರಲಿಲ್ಲವೇನೋ.

ಆದರೆ ಎದೆನೋವು ಎಡಗೈಗೆ, ದವಡೆಗೆ ಹರಡಿದರೆ, ಅಥವಾ ಇದೇ ಮೊದಲ ಸಲ ಹೀಗಾಗುತ್ತಿದ್ದರೆ, ಆತಂಕ ಅಂತ ನೀವೇ ತೀರ್ಮಾನ ಮಾಡಬೇಡಿ. ಆಸ್ಪತ್ರೆಗೆ ಹೋಗಿ.

9. ಏಳಲಾಗದ ದಿನಕ್ಕೆ ಒಬ್ಬರು

ತಿಂಗಳಲ್ಲಿ ಒಂದೆರಡು ದಿನ ನನ್ನ ಕೈಲಿ ಏನೂ ಆಗುವುದಿಲ್ಲ. ಆ ದಿನಕ್ಕೆ ಅಂತ ಒಂದು ಹಾಳೆ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ. ಯಾವ ಆರ್ಡರ್ ಯಾರಿಗೆ, ಯಾರ ನಂಬರ್, ಯಾವುದನ್ನು ಮುಂದೂಡಬಹುದು. ನಮ್ಮ ಭಾವ ಅದನ್ನು ನೋಡಿ ಬಸ್ಸಿಗೆ ಪಾರ್ಸೆಲ್ ಹಾಕಿ ಬರುತ್ತಾರೆ. ಮನೆಯಲ್ಲಿ ಒಬ್ಬರಿಗಾದರೂ ನಿಮ್ಮ ಕಾಯಿಲೆ ಪೂರ್ತಿ ಗೊತ್ತಿರಬೇಕು. ಗಿರಾಕಿಗೆ ಹೇಳಬೇಕಾಗಿಲ್ಲ. "ಎರಡು ದಿನ ತಡವಾಗುತ್ತದೆ" ಅಂದರೆ ಸಾಕು, ಕಾರಣ ಯಾರೂ ಕೇಳುವುದಿಲ್ಲ. ಅದಕ್ಕೇ ಯಾವ ಆರ್ಡರಿಗೂ ಮಾತು ಕೊಡುವಾಗ ಎರಡು ದಿನ ಸೇರಿಸಿಯೇ ಹೇಳಿ.

10. ಮಳೆಗಾಲ

ಜೂನ್ ಬಂದರೆ ನನ್ನ ವ್ಯಾಪಾರ ಹೆಚ್ಚು ಕಡಿಮೆ ನಿಲ್ಲುತ್ತದೆ. ಬಿಸಿಲಿಲ್ಲ, ಕರೆಂಟಿಲ್ಲ, ಹಲಸು ಮುಗಿದಿರುತ್ತದೆ. ಮೊದಲ ಮಳೆಗಾಲ ನಾನು ದಿನಾ ಲೆಕ್ಕದ ಪುಸ್ತಕ ತೆರೆದು, ಎಲ್ಲ ಮುಗಿಯಿತು ಅಂತ ಕುಳಿತಿದ್ದೆ. ಆಮೇಲೆ ಕುಮಟಾದ ಪರಿಚಯದ ಮೀನುಗಾರ ಮಹಿಳೆಯೊಬ್ಬರನ್ನು ಮಾತಾಡಿಸಿದೆ. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. "ಆಗ ಎಂತ ಮಾಡ್ತ್ರಿ?" ಅಂತ ಕೇಳಿದೆ. "ಬಲೆ ಹೊಲೀತ್ರು," ಅಂದರು, ಇದನ್ನೂ ಕೇಳುತ್ತಾರಾ ಅನ್ನುವ ಹಾಗೆ.

ಈಗ ಮಳೆಗಾಲದ್ದೇ ಬೇರೆ ಪಟ್ಟಿ ಇದೆ. ಮೇ ಕೊನೆಗೆ ಎರಡು ತಿಂಗಳ ಮನೆಖರ್ಚು ಬೇರೆ ತೆಗೆದಿಡುವುದು. ಒಣಗಿದ ಹಪ್ಪಳವನ್ನು ಗಾಳಿಯಾಡದ ಡಬ್ಬಿಯಲ್ಲಿ ತುಂಬಿ, ಹದಿನೈದು ದಿನಕ್ಕೊಮ್ಮೆ ಒಂದು ಡಬ್ಬಿ ತೆರೆದು ನೋಡುವುದು. ಜೂನ್‌ನಲ್ಲಿ ವರ್ಷದ ಲೆಕ್ಕ. ಜುಲೈನಲ್ಲಿ ಮನೋವೈದ್ಯರ ಹತ್ತಿರ ಒಮ್ಮೆ ನಿಧಾನವಾಗಿ ಮಾತಾಡಿ ಬರುವುದು, ಆಗ ಕೆಲಸ ಕಡಿಮೆ ಇರುತ್ತದೆ. ಅದೇ ತಿಂಗಳ ಕೊನೆಗೆ ಲೇಬಲ್ ಮತ್ತು ಕವರಿಗೆ ಹೇಳಿಬಿಡಿ, ಮಳೆಯಲ್ಲಿ ಪಾರ್ಸೆಲ್ ತಡವಾಗುತ್ತದೆ. ಚೌತಿಗೆ ಮೂರು ವಾರ ಇರುವಾಗಲೇ ಹಪ್ಪಳಕ್ಕೆ ಫೋನ್ ಬರಲು ಶುರುವಾಗುತ್ತದೆ.